ಎರಡನೇ ಚಾನೆಲ್ಲು

ಕ್ರೀಟ್ ದ್ವೀಪದ ಹನ್ಯಾದಲ್ಲಿ, ಹಳೇ ಬಂದರಿನಲ್ಲಿ,
ಒಂದು ಕಾಲಕ್ಕೆ ಹಡಗುಗಳ ಹೊಟ್ಟೆಗೆ ಡಾಂಬರು ಬಳಿದ ಕಲ್ಲುಕಮಾನಿನಡಿ
ಮದುವೆ ಉದ್ಯಮದವರ ಮೂರು ದಿನದ ಸಮಾವೇಶ.
ನಾನು ಹಿಂದಿನ ಗೋಡೆಗೆ ಆತುಕೊಂಡ ಗಾಜಿನ ಗೂಡಿನಲ್ಲಿ,
ಕಿವಿಗೆ ಹೆಡ್‌ಫೋನು, ಬಾಯಿಗೆ ಮೈಕು.
ಗ್ರೀಕಿನಲ್ಲಿ ಒಳಬಂದದ್ದು ಇಂಗ್ಲಿಷಿನಲ್ಲಿ ಹೊರಹೋಗಬೇಕು,
ಎರಡು ಸೆಕೆಂಡಿನೊಳಗೆ.
ಕುಡಿಯುವ ನೀರು ಅವರದೇ.

ಮದುವೆ ಮಾಡಿ ನೋಡು ಎನ್ನುವರಲ್ಲ,
ಇಲ್ಲಿರುವವರೆಲ್ಲ ವಾರಕ್ಕೆರಡು ಮಾಡಿ ನೋಡಿದವರು:
ಡ್ರೋನಿನವನು, ಕುರ್ಚಿಗಳಿಗೆ ಅಂಗಿ ತೊಡಿಸುವವಳು,
ಪಾದ್ರಿಯ ಪ್ರಾರ್ಥನೆಯನ್ನು ಸೂರ್ಯಾಸ್ತಕ್ಕೆ ಸರಿಯಾಗಿ ಮುಗಿಸಬಲ್ಲವನು,
ಮಳೆ ಬಂದರೆ? ಎಂಬುದಕ್ಕೆ ಹನ್ನೆರಡು ಪುಟದ ಉತ್ತರ ಬರೆದ
ಥೆಸಲೊನಿಕಿಯ ಒಬ್ಬ ಗಂಭೀರ ಮನುಷ್ಯ.
ವೇದಿಕೆಯ ಮೇಲೆ ದಪ್ಪಕ್ಷರ: ನೆಲದ ಸೊಗಡು, ಕೈಯ ಕುಶಲ.
ಹೂವು ಮಾತ್ರ ಹಾಲೆಂಡಿನದು.

ಎರಡನೇ ದಿನ, ಉಂಡ ಜೊಂಪಿನ ಹೊತ್ತಿಗೆ
ಅರ್ಗಿರೋ ಬಂದಳು, ಬೆಟ್ಟದ ಮೇಲಿನ ಊರಿಂದ,
ಏಪ್ರನ್ನಿನ ಮೇಲೇ ಕೋಟು ಹಾಕಿಕೊಂಡು,
ತೋಳಲ್ಲಿ ಕೂಸಿನ ಹಾಗೆ ಒದ್ದೆಬಟ್ಟೆಯ ಗಂಟು.
ಬಿಚ್ಚಿದರೆ ಹಿಟ್ಟು, ಇನ್ನೂ ಉಸಿರಾಡುತ್ತಿತ್ತು.

ಕುಲೂರಾ ಎನ್ನುತ್ತೇವೆ ನಾವು. ಮದುವೆಯ ರೊಟ್ಟಿ.
ದೈತ್ಯಳೊಬ್ಬಳ ಬಳೆಯಂಥದು; ಅದರ ಮೈತುಂಬ
ನಿಂಬೆಹೂ, ದಾಳಿಂಬೆ, ಜೋಡಿ ಹಕ್ಕಿ,
ದೃಷ್ಟಿ ತಾಗದಿರಲೆಂದು ಸುರುಳಿ ಸುತ್ತಿದ ಒಂದು ಹಾವು.
ಅವಳ ಹತ್ಯಾರು ಒಂದು ಬಾಚಣಿಗೆ,
ತೀರಿಹೋದ ಗಂಡನ ಮೀಸೆಯ ಕತ್ತರಿ.
ಚಕ್, ಚಕ್. ರೆಕ್ಕೆಗೆ ಗರಿ ಬಂತು.
ಸಭೆ ಫೋನು ಎತ್ತಿ ಹಿಡಿಯಿತು.

ಲಂಡನ್ ಕಂಪನಿಯ ಹೆಣ್ಣುಮಗಳು ಎದ್ದಳು:
ಜೂನಿಗೆ ಮುನ್ನೂರು ಆದೀತೆ? ಅಂಗೈಯಗಲ,
ಅತಿಥಿಗಳಿಗೆ ಉಡುಗೊರೆ. ಹಾವು ಬೇಡ.

ಅರ್ಗಿರೋ ತಲೆ ಎತ್ತಲಿಲ್ಲ. ಯಾರ ಮಗಳು? ಎಂದಳು.
ಹೆಸರೇನು ಹುಡುಗಿಗೆ, ಹುಡುಗ ಯಾವ ಮನೆಯವನು?
ಹಿಟ್ಟು ಜರಡಿ ಹಿಡಿಯುವವಳಿಗೆ ತಾಯಿತಂದೆ ಇಬ್ಬರೂ ಇರಬೇಕು,
ನಮ್ಮೂರಲ್ಲಿ ಉಳಿದಿರುವ ಹುಡುಗಿಯರೇ ನಾಲ್ಕು,
ಒಬ್ಬಳಿಗೆ ಜೂನಲ್ಲಿ ಪರೀಕ್ಷೆ.
ಹಾವು ಬೇಡವಂತೋ? ಕಾಯುವವರು ಯಾರು ಮತ್ತೆ, ನೀವೋ?

ನನ್ನ ಎರಡು ಸೆಕೆಂಡು ಐದಾಯಿತು.
ಹೆಡ್‌ಫೋನು ತೊಟ್ಟ ತಲೆಗಳು ಒಂದೊಂದಾಗಿ ಗೂಡಿನತ್ತ ತಿರುಗಿದವು.
ನಾನೆಂದೆ: ಗ್ರಾಹಕರ ಕುರಿತು ಇನ್ನಷ್ಟು ವಿವರ ಬೇಕಂತೆ.
ಲಂಡನ್ನಿನವಳು ತಲೆಯಾಡಿಸಿ ಬರೆದುಕೊಂಡಳು.

ನನ್ನದೂ ಒಂದಿತ್ತು. ದೊಡ್ಡಮ್ಮ ಸುಟ್ಟದ್ದು,
ಏಳು ವರ್ಷ ಗೋಡೆಯ ಮೇಲೆ, ಗಾಜಿನ ಪೆಟ್ಟಿಗೆಯೊಳಗೆ.
ಬಿಟ್ಟು ಬರುವಾಗ ಕಾಫಿ ಪಾತ್ರೆ ತಂದೆ, ನಿಘಂಟು ತಂದೆ,
ಇಬ್ಬರು ವಕೀಲರೂ ಬರೆದ ಪಟ್ಟಿಯಲ್ಲಿ
ಅದು ಯಾರಿಗೆಂದು ಇರಲೇ ಇಲ್ಲ.
ಹುಳು ಹಿಡಿದಿರಬಹುದು. ಹಿಡಿಯದೆಯೂ ಇರಬಹುದು.

ಸುಟ್ಟದ್ದು ಹೋಟೆಲಿನ ಒಲೆಯಲ್ಲಿ. ಅದರ ಫ್ಯಾನಿಗೆ
ಹಕ್ಕಿಗಳ ಕೊಕ್ಕು ವಾಲಿಬಿಟ್ಟಿತ್ತು, ಎಲ್ಲವೂ ಒಂದೇ ಕಡೆಗೆ,
ಬಡಗಣ ಗಾಳಿಗೆ ಸಿಕ್ಕ ಹಾಗೆ.
ಆದರೂ ಚಪ್ಪಾಳೆ. ಆಮೇಲೆ ಕಾಫಿ ವಿರಾಮ.

ಸಂಜೆ ಎಲ್ಲರೂ ದೋಣಿವಿಹಾರಕ್ಕೆ ಹೋದ ಮೇಲೆ
ಗಾಜು ತಟ್ಟಿದಳು, ಬಾಗಿಲು ತಳ್ಳಿ ಒಳಗೇ ಬಂದಳು.
ಕುಲೂರಾಕ್ಕೆ ಅವರ ಮಾತಲ್ಲಿ ಏನಂದೆ?
ರೊಟ್ಟಿ ಅಂದೆ.
ಅಷ್ಟೇನಾ?
ಅಷ್ಟೇ.

ಯೋಚಿಸಿದಳು.
ವಾಲಿದ ಕೊಕ್ಕಿನ ಹಕ್ಕಿಯೊಂದನ್ನು ಲಟಕ್ಕನೆ ಮುರಿದು
ಅರ್ಧ ನನಗೆ ಕೊಟ್ಟು, ಅರ್ಧ ಬಾಯಿಗಿಟ್ಟು,
ಉಪ್ಪು ಒಂಚೂರು ಕಡಿಮೆ, ಎಂದಳು.

ಮೈಕು ಆರಿಸಿರಲಿಲ್ಲ ನಾನು.
ಉಪ್ಪು ಒಂಚೂರು ಕಡಿಮೆ, ಎಂದೆ ಇಂಗ್ಲಿಷಿನಲ್ಲಿ,
ಖಾಲಿ ಕುರ್ಚಿಗಳ ಮೇಲೆ ಬಿದ್ದಿದ್ದ
ಇನ್ನೂರು ಹೆಡ್‌ಫೋನುಗಳಿಗೆ.